ಕಿಟ್ ಗಿಟಾರ್‌ನ ಅಪಶ್ರುತಿ ಎಲ್ಲಿತ್ತು? ಒಂದು ಪ್ರಕರಣ

ಮೈಸೂರಿನ ಗೆಳೆಯನೊಬ್ಬ ಬಿಡಿಭಾಗಗಳ ಕಿಟ್ ತರಿಸಿ, ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಜೋಡಿಸಿದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಕಿಟ್ ಮಾರಿದವರ ಹೆಸರೂ ಇಲ್ಲಿಲ್ಲ. ಗಿಟಾರ್ ಜೋಡಿಸುವುದು ಹೇಗೆ ಅಂತ ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ. ಜೋಡಿಸಿದ ಮೇಲೆ ಅದು ಯಾಕೆ ಅಪಶ್ರುತಿ ಹಾಡುತ್ತದೆ, ಆಗ ಯಾವ ಸ್ಕ್ರೂ ತಿರುಗಿಸಬೇಕು, ಯಾವುದನ್ನು ಮುಟ್ಟಲೇಬಾರದು ಅಂತ ಹೇಳುವವರು ಕಡಿಮೆ. ಇಲ್ಲಿ ದೊಡ್ಡ ಪಾಲು ಅದೇ.

ಹಿನ್ನೆಲೆ

ಗೆಳೆಯನಿಗೆ ನಲವತ್ತರ ಆಸುಪಾಸು. ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ಕೆಲಸ. ಮಲ್ಟಿಮೀಟರ್, ಬೆಸುಗೆ ಎಲ್ಲ ಕೈಗೆ ಹತ್ತಿದ್ದು. ಮರಗೆಲಸ ಹೊಸದು. ಗಿಟಾರ್ ಸುಮಾರಾಗಿ ನುಡಿಸುತ್ತಾನೆ, ನಾಲ್ಕಾರು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಹಾಡುವಷ್ಟು. ಅವನ ಅಮ್ಮ ವೀಣೆ ನುಡಿಸುವವರು. ಈ ಕೆಲಸದ ಎರಡು ಮುಖ್ಯ ತಿರುವುಗಳು ಅವರ ಕಿವಿಯಿಂದ ಬಂದವು.

ತರಿಸಿದ್ದು ಟೆಲಿಕಾಸ್ಟರ್ ಮಾದರಿಯ ಕಿಟ್. ಮೊದಲ ಸಲ ಜೋಡಿಸುವವರಿಗೆ ನಾನು ಹೇಳುವುದೂ ಅದನ್ನೇ. ಈ ಮಾದರಿಯನ್ನು 1950ರಲ್ಲಿ ಮಾರುಕಟ್ಟೆಗೆ ತಂದ ಲಿಯೊ ಫೆಂಡರ್, ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಯೋಚನೆಯೂ ರಿಪೇರಿಯವರದೇ. ನೆಕ್ಕನ್ನು, ಅಂದರೆ ಗಿಟಾರ್‌ನ ಉದ್ದನೆಯ ಕತ್ತನ್ನು, ಗೋಂದು ಹಾಕಿ ಅಂಟಿಸುವ ಬದಲು ನಾಲ್ಕು ಸ್ಕ್ರೂಗಳಲ್ಲಿ ಬಾಡಿಯ ಜೊತೆ ಬಿಗಿದರು. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಬಾಡಿ ಅಂದರೆ ಒಂದು ದಪ್ಪ ಹಲಗೆ, ಅಷ್ಟೇ. ಬಾಗು ಬಳುಕು ಇಲ್ಲ. ತಂತಿಯ ಅಲುಗಾಟ ಹಿಡಿಯುವ ಎರಡು ಪಿಕಪ್, ಎರಡು ತಿರುಗುಣಿ, ಒಂದು ಸ್ವಿಚ್. ಇದಕ್ಕಿಂತ ಸರಳವಾದ ಎಲೆಕ್ಟ್ರಿಕ್ ಗಿಟಾರ್ ಸಿಗುವುದು ಕಷ್ಟ.

ಪೆಟ್ಟಿಗೆಯಲ್ಲಿ ಬಾಸ್‌ವುಡ್ ಬಾಡಿ, ಮೇಪಲ್ ನೆಕ್, ಅದರ ಮೇಲೆ ಬೆರಳೊತ್ತಿ ನುಡಿಸುವ ಬೀಟೆ ಮರದ ಫಿಂಗರ್‌ಬೋರ್ಡ್ ಇತ್ತು. ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಬೆಳೆಯುವ ಬೀಟೆಯ ಜಾತಿಯೇ ಜಗತ್ತಿನ ಎಷ್ಟೋ ಗಿಟಾರ್‌ಗಳ ಫಿಂಗರ್‌ಬೋರ್ಡ್ ಆಗಿದೆ. 2017ರ ಜನವರಿಯಲ್ಲಿ ಈ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕು ಅಂತಾದಾಗ ಗಿಟಾರ್ ಕಂಪನಿಗಳು ಬೇರೆ ಮರ ಹುಡುಕಿದವು. 2019ರ ಕೊನೆಗೆ, ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಅಗ್ಗದ ಕಿಟ್‌ನಲ್ಲಿ ನಿಜವಾದ ಬೀಟೆ ಬಂದದ್ದು ಗೆಳೆಯನಿಗೆ ಖುಷಿ ಕೊಟ್ಟಿತ್ತು. ಜೊತೆಗೆ ಬಂದ ಕೈಪಿಡಿ ಅಂದರೆ ಒಂದು ಚಿತ್ರದ ಹಾಳೆ.

ಡ್ರಿಲ್ ಹಿಡಿಯುವ ಮುಂಚೆ

ಬಾಡಿಯ ಮೇಲೆ ತಂತಿಗಳ ಬುಡ ಹಿಡಿಯುವ ಬ್ರಿಡ್ಜ್ ಕೂರುವ ಜಾಗಕ್ಕೆ ಕಾರ್ಖಾನೆಯವರೇ ಚುಕ್ಕಿ ಹಾಕಿ ಕಳಿಸಿದ್ದರು. ಅದರ ಮೇಲೇ ತೂತು ಹೊಡೆದುಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಗೆಳೆಯ ಹೊಡೆಯಲಿಲ್ಲ. ಎಲ್ಲವನ್ನೂ ಸುಮ್ಮನೆ ಇಟ್ಟು ನೋಡಿದ. ನೆಕ್ಕನ್ನು ಅದರ ಗುಂಡಿಯಲ್ಲಿ ಕೂರಿಸಿ, ಅಂಚಿನ ಎರಡು ತಂತಿಗಳು ಹೋಗಬೇಕಾದ ದಾರಿಯಲ್ಲಿ ಹೊಲಿಗೆಯ ದಾರ ಎಳೆದ. ಸಣ್ಣ ತಂತಿಯ ಕಡೆಯ ದಾರ ಮೇಲಿನ ಫ್ರೆಟ್‌ಗಳ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿಗಳ) ಹತ್ತಿರ ಅಂಚು ದಾಟಿ ಕೆಳಗೆ ಬೀಳುವ ಹಾಗಿತ್ತು. ಸುಮಾರು 3 ಮಿ.ಮೀ. ವ್ಯತ್ಯಾಸ.

ಚುಕ್ಕಿ ತಪ್ಪಿದೆ, ಬ್ರಿಡ್ಜನ್ನು ಪಕ್ಕಕ್ಕೆ ಸರಿಸೋಣ ಅನ್ನುವುದು ಮೊದಲು ಹೊಳೆಯುವ ಉತ್ತರ. ಅವನು ನೆಕ್ ಬಿಚ್ಚಿ ಗುಂಡಿಯ ಒಳಗೆ ನೋಡಿದ. ಒಂದು ಮೂಲೆಯಲ್ಲಿ ಮರಕ್ಕೆ ಬಳಿಯುವ ಸೀಲರ್ ಹೆಪ್ಪುಗಟ್ಟಿತ್ತು. ಅದರಿಂದ ನೆಕ್ ವಾರೆಯಾಗಿ ಕೂರುತ್ತಿತ್ತು. ಉಳಿಯಿಂದ ಕೆರೆದು ತೆಗೆದ ಮೇಲೆ ವ್ಯತ್ಯಾಸ 1 ಮಿ.ಮೀ.ಗೆ ಇಳಿಯಿತು. ಉಳಿದಿದ್ದನ್ನು ಬ್ರಿಡ್ಜ್ ಸರಿಸಿ ಸರಿಮಾಡಿದ. ಬ್ರಿಡ್ಜನ್ನೇ 3 ಮಿ.ಮೀ. ಸರಿಸಿದ್ದರೆ ದಾರ ನೆಟ್ಟಗೆ ಕಾಣುತ್ತಿತ್ತು, ಆದರೆ ಪಿಕಪ್‌ನ ಮೇಲೆ ತಂತಿಗಳು ಓರೆಯಾಗಿ ಹೋಗುತ್ತಿದ್ದವು.

ಉದ್ದದ ಲೆಕ್ಕವೂ ಹಾಗೇ. ತಲೆಯ ಕಡೆ ತಂತಿ ಕೂರುವ ಪಟ್ಟಿಯಾದ ನಟ್‌ನಿಂದ 12ನೇ ಫ್ರೆಟ್‌ಗೆ 324 ಮಿ.ಮೀ., ಅದರ ಎರಡರಷ್ಟು 648. ಸಣ್ಣ ತಂತಿಯ ಸ್ಯಾಡಲ್, ಅಂದರೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸಣ್ಣ ತುಂಡು, ಅಲ್ಲಿಗೆ ಬರಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಸ್ಯಾಡಲ್ಲನ್ನು ಅದರ ಓಡಾಟದ ಮಧ್ಯಕ್ಕೆ ಇಟ್ಟು ಅಳೆದು ಬ್ರಿಡ್ಜ್ ಕೂರಿಸಿಬಿಡುತ್ತಾರೆ. ಎಲ್ಲ ತಂತಿಗಳಿಗೂ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಉದ್ದ ಬೇಕು, ದಪ್ಪ ತಂತಿಗೆ ಇನ್ನೂ ಜಾಸ್ತಿ. ಅಂದರೆ ಸ್ಯಾಡಲ್‌ಗಳು ಹಿಂದಕ್ಕೆ ಹೋಗುತ್ತವೆಯೇ ಹೊರತು ಮುಂದಕ್ಕಲ್ಲ. ಆದ್ದರಿಂದ ಸಣ್ಣ ತಂತಿಯ ಸ್ಯಾಡಲ್ಲನ್ನು ಹೆಚ್ಚುಕಡಿಮೆ ಪೂರ್ತಿ ಮುಂದಕ್ಕೆ ತಂದು, ಅಲ್ಲಿ 648 ಬರುವ ಹಾಗೆ ಬ್ರಿಡ್ಜ್ ಇಟ್ಟ. ಆಮೇಲೆ ಡ್ರಿಲ್. ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡ. ನೆಕ್ಕಿನ ಮೇಪಲ್ ಗಟ್ಟಿ ಮರ, ಸ್ಕ್ರೂ ಮುರಿಯಬಾರದು ಅಂತ ಅದರ ಸುರುಳಿ ಗೆರೆಗಳಿಗೆ ಸೋಪು ಸವರಿ ತಿರುಗಿಸಿದ.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಜುಲೈ ಮಳೆಯಲ್ಲಿ ಲ್ಯಾಕರ್ ಹೊಡೆದ, ತೇವ ಒಳಗೆ ಸಿಕ್ಕಿ ಹಾಲಿನಂತೆ ಬಿಳಿಚಿತು. ಬಿಸಿಲು ಬರುವ ತನಕ ಕಾದು, ಮೇಲೆ ತೆಳುವಾಗಿ ಥಿನ್ನರ್ ಹೊಡೆದಾಗ ಬಿಳುಪು ಹೋಯಿತು. ಉಪ್ಪುಕಾಗದ ಹಿಡಿದು ಎಲ್ಲ ಕೆರೆಯುವ ಆತುರ ಮಾಡದಿದ್ದದ್ದು ಒಳ್ಳೆಯದಾಯಿತು.

ಗುಂಯ್ ಅನ್ನುವ ಸದ್ದು

ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ) ಜೋಡಿಸಿದ ಕೂಡಲೇ ಜೋರು ಗುಂಯ್. ಈ ಮಾದರಿಯ ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಗಿಟಾರ್ ತಂತಿ ಅಲುಗಿದರೆ ಅದು ಹಿಡಿಯುತ್ತದೆ. ಮನೆಯ ವೈರಿಂಗ್‌ನ 50 ಹರ್ಟ್ಸ್ ಸದ್ದನ್ನೂ ಅಷ್ಟೇ ಪ್ರೀತಿಯಿಂದ ಹಿಡಿಯುತ್ತದೆ. ಸ್ವಲ್ಪ ಗುಂಯ್ ಇದ್ದೇ ಇರುತ್ತದೆ, ಆದರೆ ಇದು ಮಾತು ಕೇಳಿಸದಷ್ಟಿತ್ತು.

ಯಾರೋ ಹೇಳಿದರು ಅಂತ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಾಮ್ರದ ಟೇಪ್ ತರಿಸಿ ಒಳಗಿನ ಗುಂಡಿಗಳಿಗೆಲ್ಲ ಅಂಟಿಸಿದ. ಏನೂ ಬದಲಾಗಲಿಲ್ಲ. ಆಗ ಅವನ ವೃತ್ತಿ ಎಚ್ಚರವಾಯಿತು. ಮೊದಲು ಗೋಡೆಯ ಸಾಕೆಟ್‌ನ ಅರ್ಥಿಂಗ್ ಸರಿಯಿದೆಯಾ ನೋಡಿದ. ಇದನ್ನು ಎಲ್ಲರೂ ನೋಡಬೇಕು. ಗಿಟಾರ್‌ನ ತಂತಿಗಳು ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಆಂಪ್‌ನ ಮೂರನೇ ಪಿನ್ ತೆಗೆದು ಎರಡು ಪಿನ್ ಸಾಕೆಟ್‌ಗೆ ಸಿಕ್ಕಿಸುವವರು ಕೈಯಲ್ಲಿ ಹಿಡಿದಿರುವುದು ಏನು ಅಂತ ಒಮ್ಮೆ ಯೋಚಿಸಲಿ.

ಸಾಕೆಟ್ ಸರಿಯಿತ್ತು. ಆಮೇಲೆ ಒಂದು ಸಣ್ಣ ಪರೀಕ್ಷೆ. ಗಿಟಾರ್ ತಂತಿ ಮುಟ್ಟಿದ, ಗುಂಯ್ ಹಾಗೇ ಇತ್ತು. ಕೇಬಲ್ ಸಿಕ್ಕಿಸುವ ಜ್ಯಾಕ್‌ನ ಲೋಹದ ಭಾಗ ಮುಟ್ಟಿದ, ಗುಂಯ್ ಇಳಿಯಿತು. ಎರಡಕ್ಕೂ ಒಂದೇ ಫಲ ಬರಬೇಕಿತ್ತು. ಮಲ್ಟಿಮೀಟರ್ ಹಿಡಿದರೆ ತಂತಿಗೂ ಜ್ಯಾಕ್‌ಗೂ ನಡುವೆ ಬೀಪ್ ಇಲ್ಲ. ಬ್ರಿಡ್ಜ್‌ನ ಅಡಿಯಲ್ಲಿ ಸಿಕ್ಕಿಸಿದ ಅರ್ಥ್ ವೈರಿನ ತುದಿಗೆ ಲ್ಯಾಕರ್ ಮೆತ್ತಿಕೊಂಡಿತ್ತು. ಕೆರೆದು, ಎಳೆಗಳನ್ನು ಬಿಡಿಸಿ ಹರಡಿ ಮತ್ತೆ ಬ್ರಿಡ್ಜ್ ಬಿಗಿದ. ಅಲ್ಲಿಗೆ ಮುಗಿಯಿತು. ತಾಮ್ರದ ಟೇಪ್‌ನಿಂದ ನಷ್ಟವೇನಿಲ್ಲ, ಆದರೆ ರೋಗ ಅಲ್ಲಿರಲಿಲ್ಲ.

ತಂತಿ ಬಡಿಯುವ ಸದ್ದು, ತಪ್ಪಿದ ಕ್ರಮ

ನನಗೆ ಫೋನ್ ಬಂದದ್ದು ಇದಾದ ಮೇಲೆ. ದಪ್ಪ ತಂತಿಗಳು ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಝರ್ ಅಂತ ಬಡಿಯುತ್ತಿದ್ದವು. ಗೆಳೆಯ ಸ್ಯಾಡಲ್‌ಗಳನ್ನು ಎತ್ತಿದ್ದ. ಸದ್ದು ಹೋಗಲಿಲ್ಲ, ಇನ್ನೂ ಎತ್ತಿದ. ಈಗ ತಂತಿ ಒತ್ತಲು ಬೆರಳು ನೋಯುತ್ತಿತ್ತು, 12ನೇ ಫ್ರೆಟ್‌ನ ಸ್ವರಗಳೂ ಏರಿದವು. ಅದನ್ನು ಸರಿಮಾಡಲು ಸ್ಯಾಡಲ್‌ಗಳನ್ನು ಹಿಂದಕ್ಕೆ ಎಳೆದ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು.

ಸರಳ ಲೆಕ್ಕ ಹಾಕಿ ನೋಡಿ. ಸ್ಯಾಡಲ್ಲನ್ನು 1 ಮಿ.ಮೀ. ಎತ್ತಿದರೆ 12ನೇ ಫ್ರೆಟ್‌ನಲ್ಲಿ ತಂತಿ 0.5 ಮಿ.ಮೀ. ಏರುತ್ತದೆ. ಎರಡನೇ ಫ್ರೆಟ್‌ನಲ್ಲಿ ಏರುವುದು ಬರೀ 0.1 ಮಿ.ಮೀ. ಕೆಳಗಿನ ಫ್ರೆಟ್‌ಗಳ ಸದ್ದನ್ನು ಬ್ರಿಡ್ಜ್‌ನಿಂದ ಹೋಗಲಾಡಿಸಲು ಹೊರಟರೆ ಗಿಟಾರ್ ನುಡಿಸಲಾಗದಷ್ಟು ಎತ್ತರ ಆಗುತ್ತದೆ, ಸದ್ದು ಮಾತ್ರ ಉಳಿಯುತ್ತದೆ.

ಎಲ್ಲವನ್ನೂ ಬಿಟ್ಟು ಮೊದಲು ನೆಕ್ ಅಳೆಯೋಣ ಅಂದೆ. ಮೊದಲ ಫ್ರೆಟ್‌ಗೆ ಕೇಪೊ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಬಾಡಿಯ ಜೊತೆ ನೆಕ್ ಸೇರುವ ಕಡೆ ದಪ್ಪ ತಂತಿಯನ್ನು ಒತ್ತಿ ಹಿಡಿದು, 8ನೇ ಫ್ರೆಟ್‌ನ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡಬೇಕು. ಗ್ಯಾರೇಜಿನವರು ಬಳಸುವ ಫೀಲರ್ ಗೇಜ್ ಇದಕ್ಕೆ ಸಾಕು. 0.2ರಿಂದ 0.25 ಮಿ.ಮೀ. ಇರಬೇಕು. ಇಲ್ಲಿ ಸಂದೇ ಇರಲಿಲ್ಲ, ತಂತಿ ಫ್ರೆಟ್ ಮೇಲೆ ಮಲಗಿತ್ತು. ಅಂದರೆ ನೆಕ್ ಹಿಂದಕ್ಕೆ ಬಾಗಿದೆ.

ಯಾಕೆ ಅಂತ ಕೇಳಿದಾಗ ಗೊತ್ತಾಯಿತು, ತಂತಿ ಹಾಕುವ ಮುಂಚೆಯೇ ಟ್ರಸ್ ರಾಡ್ ಬಿಗಿ ಮಾಡಿದ್ದ. ನೆಕ್ ಗಟ್ಟಿಯಾಗಿರಲಿ ಅಂತ! ಟ್ರಸ್ ರಾಡ್ ಅಂದರೆ ನೆಕ್ಕಿನ ಒಳಗಿರುವ ಉಕ್ಕಿನ ಸರಳು. ತಂತಿಗಳ ಎಳೆತಕ್ಕೆ ಎದುರಾಗಿ ನಿಲ್ಲುವುದು ಅದರ ಕೆಲಸ. 10ರಿಂದ 46ರ (ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪ) ಒಂದು ಸೆಟ್ ತಂತಿಗಳು ಈ ಉದ್ದದಲ್ಲಿ ಒಟ್ಟು ಸುಮಾರು 46 ಕಿಲೋ ಎಳೆಯುತ್ತವೆ. ಆ ಎಳೆತ ಬರುವ ಮೊದಲೇ ಎಷ್ಟು ಬಿಗಿ ಬೇಕು ಅಂತ ತಿಳಿಯುವುದು ಹೇಗೆ? ತಂತಿ ಹಾಕಿ, ಶ್ರುತಿ ಮಾಡಿ, ಆಮೇಲೆ ಅಳೆದೇ ತಿರುಗಿಸಬೇಕು.

ಅಲೆನ್ ಕೀ ಹಾಕಿ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ರಾತ್ರಿ ಹಾಗೇ ಬಿಟ್ಟೆವು. ಮರ ತನ್ನ ಜಾಗಕ್ಕೆ ಬರಲು ಸಮಯ ಬೇಕು. ಬೆಳಿಗ್ಗೆ 0.2 ಮಿ.ಮೀ. ಸಂದು ಬಂದಿತ್ತು. ಕೆಳಗಿನ ಫ್ರೆಟ್‌ಗಳ ಸದ್ದು ಪೂರ್ತಿ ಹೋಯಿತು. ಸ್ಯಾಡಲ್‌ಗಳನ್ನು ಇಳಿಸಿ, 17ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ 1.6 ಮಿ.ಮೀ.ಗೆ ತಂದೆವು.

ಒಂದು ಕಡೆ ಮಾತ್ರ ಸದ್ದು ಉಳಿಯಿತು. ಎರಡನೇ ತಂತಿ, 9ನೇ ಫ್ರೆಟ್. ಪಕ್ಕದ 10ನೇ ಫ್ರೆಟ್ ಎತ್ತರ ಆಗಿರಬೇಕು. ಉಕ್ಕಿನ ಸ್ಕೇಲಿನ ತುಂಡೊಂದನ್ನು ಮೂರು ಫ್ರೆಟ್‌ಗಳ ಮೇಲೆ ಅಡ್ಡ ಇಟ್ಟರೆ ಅದು ಆಚೆ ಈಚೆ ವಾಲಾಡಿತು, ಅನುಮಾನ ಖಾತ್ರಿಯಾಯಿತು. ಗೆಳೆಯ ಅರ ಕೈಗೆ ತೆಗೆದುಕೊಂಡಿದ್ದ. ನಾನು ತಡೆದೆ. ಫ್ರೆಟ್ ಎತ್ತರ ಆಗಿರಬಹುದು, ಇಲ್ಲವೇ ತನ್ನ ಗಾಡಿಯಿಂದ, ಅಂದರೆ ಮರದಲ್ಲಿ ಕೊರೆದ ಸೀಳಿನಿಂದ, ಎದ್ದಿರಬಹುದು. ಎದ್ದಿದ್ದರೆ ಅರದಲ್ಲಿ ಉಜ್ಜುವುದು ಪಾಪದ ಕೆಲಸ. ಉಗುರಿನಿಂದ ತುದಿ ಒತ್ತಿದಾಗ ಸಣ್ಣಗೆ ಇಳಿಯಿತು. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಅಡಿಗೆ ಒಂದು ತೊಟ್ಟು ತೆಳು ಸೂಪರ್ ಗ್ಲೂ ಬಿಟ್ಟು, ಒಣಗುವ ತನಕ ಒತ್ತಿ ಹಿಡಿದೆವು. ಆಮೇಲೆ ಸ್ಕೇಲ್ ವಾಲಾಡಲಿಲ್ಲ.

ಅಮ್ಮನ ಕಿವಿ

ಇಷ್ಟಾದ ಮೇಲೆ ಹೊಸ ತಂತಿ ಹಾಕಿ, ಒಂದೊಂದು ತಂತಿಗೂ 12ನೇ ಫ್ರೆಟ್‌ನ ಸ್ವರವನ್ನು ಅದೇ ಜಾಗದ ಹಾರ್ಮೋನಿಕ್‌ಗೆ (ಒತ್ತದೆ ಬೆರಳು ಬರೀ ಸೋಕಿಸಿ ನುಡಿಸಿದ ಸ್ವರಕ್ಕೆ) ಹೋಲಿಸಿ ಸ್ಯಾಡಲ್ ಹೊಂದಿಸಿದ್ದಾಯಿತು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಈ ಕಿಟ್‌ನ ಬ್ರಿಡ್ಜ್‌ನಲ್ಲಿ ಆರು ಸ್ಯಾಡಲ್ ಇದ್ದದ್ದು ಅನುಕೂಲವಾಯಿತು. ಹಳೆಯ ಟೆಲಿಕಾಸ್ಟರ್‌ಗಳಲ್ಲಿ ಮೂರೇ ಇದ್ದವು, ಎರಡು ತಂತಿಗೆ ಒಂದು. ಶ್ರುತಿ ತೋರಿಸುವ ಟ್ಯೂನರ್ ಪ್ರಕಾರ ಎಲ್ಲ ಸರಿ.

ಆದರೂ ಎಫ್ ಕಾರ್ಡ್ ಹಿಡಿದರೆ ಹುಳಿ. ಸಿ ಕಾರ್ಡ್ ಅರೆಬರೆ. ಗೆಳೆಯ ಮತ್ತೆ ಸ್ಯಾಡಲ್ ತಿರುಗಿಸಲು ಹೊರಟ. ಹಾಲ್‌ನಲ್ಲಿ ಕೂತಿದ್ದ ಅಮ್ಮ ಅಂದರು:

“ತಾರಕ್ಕೆ ಹೋದಾಗ ಸರಿಯಾಗಿದೆ ಕಣೋ. ಶುರುವಿನ ಮೆಟ್ಟಿಲಲ್ಲೇ ಸ್ವರ ಏರ್ತಿದೆ. ಅಲ್ಲಿ ನೋಡು.”

ಅವರಿಗೆ ಗಿಟಾರ್ ಗೊತ್ತಿಲ್ಲ. ಆದರೆ ವೀಣೆ ನುಡಿಸುವವರು ಒಂದೊಂದೇ ಮೆಟ್ಟಿಲಲ್ಲಿ ಸ್ವರ ಕೇಳಿ ತೂಗುತ್ತಾರೆ. ಟ್ಯೂನರ್ ಇಟ್ಟು ನೋಡಿದರೆ ದಪ್ಪ ತಂತಿಯ ಮೊದಲ ಫ್ರೆಟ್ ಹದಿನೈದು ಸೆಂಟ್‌ನಷ್ಟು ಮೇಲಿತ್ತು. ಒಂದು ಅರ್ಧ ಸ್ವರಕ್ಕೆ ನೂರು ಸೆಂಟ್. ಹದಿನೈದು ಅಂದರೆ ಯಾರಿಗಾದರೂ ಕೇಳಿಸುತ್ತದೆ. 12ನೇ ಫ್ರೆಟ್ ಸರಿಯಿದ್ದು ಒಂದನೆಯದು ತಪ್ಪಿದ್ದರೆ ತಪ್ಪು ಬ್ರಿಡ್ಜ್‌ನ ಕಡೆ ಇಲ್ಲ, ತಲೆಯ ಕಡೆ ಇದೆ.

ತಲೆಯ ಕಡೆ ಇರುವುದು ನಟ್. ಬೋಲ್ಟಿನ ನಟ್ ಅಲ್ಲ, ತಂತಿಗಳು ಕೂರುವ ಆರು ಗಾಡಿಗಳ ಸಣ್ಣ ಪಟ್ಟಿ. ಗಾಡಿ ಆಳ ಸಾಲದಿದ್ದರೆ ತಂತಿ ಎತ್ತರದಲ್ಲಿ ನಿಲ್ಲುತ್ತದೆ. ಮೊದಲ ಫ್ರೆಟ್‌ಗೆ ಒತ್ತುವಾಗ ತಂತಿ ಹಿಗ್ಗುತ್ತದೆ, ಸ್ವರ ಏರುತ್ತದೆ. ಇದಕ್ಕೆ ಪರೀಕ್ಷೆ ಸುಲಭ. ಎರಡು ಮತ್ತು ಮೂರನೇ ಫ್ರೆಟ್‌ನ ನಡುವೆ ತಂತಿ ಒತ್ತಿ, ಮೊದಲ ಫ್ರೆಟ್‌ನ ಮೇಲೆ ಎಷ್ಟು ಸಂದು ಉಳಿಯಿತು ನೋಡಿ. ಕಂಡೂ ಕಾಣದಷ್ಟು ಇರಬೇಕು. ಇಲ್ಲಿ ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರುತ್ತಿತ್ತು. ಕಿಟ್‌ಗಳಲ್ಲಿ ಇದು ಸಾಮಾನ್ಯ. ಗಾಡಿ ಕಡಿಮೆ ಕೊರೆದು ಕಳಿಸಿದರೆ ಕಂಪನಿಗೆ ದೂರು ಬರುವುದಿಲ್ಲ. ಹೆಚ್ಚು ಕೊರೆದರೆ ತೆರೆದ ತಂತಿ ಬಡಿಯುತ್ತದೆ, ಕಿಟ್ ವಾಪಸ್ ಬರುತ್ತದೆ.

ನಟ್ ಕೊರೆಯುವ ಅರಗಳ ಸೆಟ್ ದುಬಾರಿ. ಗ್ಯಾಸ್ ವೆಲ್ಡಿಂಗ್‌ನವರು ನಾಝಲ್ ಚೊಕ್ಕ ಮಾಡಲು ಬಳಸುವ ಒರಟು ಕಡ್ಡಿಗಳ ಸೆಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬೇರೆ ಬೇರೆ ದಪ್ಪದವು ಇರುತ್ತವೆ. ಅದನ್ನೇ ಬಳಸಿದೆವು. ಗಾಡಿ ತಲೆಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ತಂತಿ ಕೂರುವ ಬಿಂದು ಫಿಂಗರ್‌ಬೋರ್ಡ್‌ನ ಅಂಚಿನಲ್ಲೇ ಇರಬೇಕು. ಎರಡು ಸಲ ಉಜ್ಜು, ತಂತಿ ಕೂರಿಸು, ಶ್ರುತಿ ಮಾಡು, ನೋಡು. ಬೇಜಾರಿನ ಕೆಲಸ. ಬೇಜಾರಾಗಿ ಗೆಳೆಯ ಮೂರನೇ ತಂತಿಯ ಗಾಡಿಯನ್ನು ಒಂದೇ ಸಲಕ್ಕೆ ಕೊರೆದ, ಆಳ ಜಾಸ್ತಿಯಾಯಿತು. ತೆರೆದ ತಂತಿ ಝರ್ ಅಂದಿತು. ಅಡುಗೆ ಸೋಡಾ ತುಂಬಿ ಮೇಲೆ ಸೂಪರ್ ಗ್ಲೂ ಬಿಟ್ಟರೆ ಕಲ್ಲಿನಂತಾಗುತ್ತದೆ. ಹಾಗೆ ಮಾಡಿ ಮತ್ತೆ ಕೊರೆದ, ಈ ಸಲ ನಿಧಾನವಾಗಿ. ಕೆಲಸ ಮುಗಿದಾಗ ಮೊದಲ ಫ್ರೆಟ್‌ನ ಏರಿಕೆ ಮೂರ್ನಾಲ್ಕು ಸೆಂಟ್‌ಗೆ ಬಂದಿತ್ತು. ಎಫ್ ಕಾರ್ಡ್ ತಣ್ಣಗಾಯಿತು.

ನಿಲ್ಲಿಸಬೇಕಾದ ಜಾಗ

ಅಮ್ಮ ಮತ್ತೆ ಕೇಳಿದರು. ಈ ಸಲ ಇ ಕಾರ್ಡ್. “ಈಗ ಎಷ್ಟೋ ವಾಸಿ. ಆದ್ರೂ ಗಾಂಧಾರ ಒಂಚೂರು ಮೇಲಿದೆ ಅಲ್ವಾ?”

ಇ ಕಾರ್ಡ್‌ನ ಗಾಂಧಾರ ಇರುವುದು ಮೂರನೇ ತಂತಿಯ ಮೊದಲ ಫ್ರೆಟ್‌ನಲ್ಲಿ. ಸೋಡಾ ತುಂಬಿದ ಅದೇ ಗಾಡಿ. ಗೆಳೆಯ ಕಡ್ಡಿ ಹಿಡಿದು ಮತ್ತೆ ಹೊರಟ. ಟ್ಯೂನರ್ ನೋಡಿದರೆ ಸ್ವರ ಸರಿಯಾಗೇ ಇತ್ತು. ಅಮ್ಮ ಹೇಳಿದ್ದೂ ಸರಿಯೇ. ಷಡ್ಜಕ್ಕೆ ಪೂರ್ತಿ ಹೊಂದುವ ಅಂತರ ಗಾಂಧಾರ 386 ಸೆಂಟ್‌ನಲ್ಲಿರುತ್ತದೆ. ಗಿಟಾರ್‌ನ ಫ್ರೆಟ್‌ಗಳನ್ನು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಕೊರೆದಿರುತ್ತಾರೆ. ಅಲ್ಲಿ ಗಾಂಧಾರ 400ಕ್ಕೆ ಬರುತ್ತದೆ. ಹದಿನಾಲ್ಕು ಸೆಂಟ್ ಹೆಚ್ಚು. ಕೋಟಿ ಬೆಲೆಯ ಗಿಟಾರ್‌ನಲ್ಲೂ ಇದು ಹೀಗೇ.

ವೀಣೆಯಲ್ಲಿ ಇಪ್ಪತ್ನಾಲ್ಕು ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಮೇಳ ಕಟ್ಟುವವರು ಕಿವಿಯಿಂದ ಕೇಳುತ್ತಾ ಒಂದೊಂದನ್ನೂ ಕೂರಿಸುತ್ತಾರೆ. ಸ್ವರ ಜಾರಿದರೆ ಮತ್ತೆ ಕಟ್ಟಿಸಬಹುದು. ಗಿಟಾರ್‌ನ ಫ್ರೆಟ್‌ಗೆ ಆ ಸೌಕರ್ಯ ಇಲ್ಲ. ಮೂರನೇ ತಂತಿಯನ್ನು ಇಳಿಸಿ ಇ ಕಾರ್ಡ್ ಸಿಹಿ ಮಾಡಿದರೆ, ಸಿ ಕಾರ್ಡ್‌ನಲ್ಲಿ ಅದೇ ತೆರೆದ ತಂತಿ ಪಂಚಮ, ಅದು ಇಳಿದುಬಿಡುತ್ತದೆ. ಇದನ್ನು ಹಾಗೇ ಮಾಡಿ ಕೇಳಿಸಿದೆ. ಅಮ್ಮ ನಕ್ಕು, “ಹಾಗಾದ್ರೆ ಬಿಡು, ಅದರ ಜಾಯಮಾನ” ಅಂದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ಒಳ್ಳೆಯ ನಿರ್ಧಾರ ಕಡ್ಡಿಯನ್ನು ಕೆಳಗಿಟ್ಟದ್ದು. ಗಾಡಿಯನ್ನು ಇನ್ನೊಂದು ಸಲ ಉಜ್ಜಿದ್ದರೆ ಇಲ್ಲದ ತಪ್ಪನ್ನು ಹುಡುಕುತ್ತಾ ಇದ್ದ ನಟ್ ಹಾಳಾಗುತ್ತಿತ್ತು.

ಇಂಥದೇ ಕೆಲಸಕ್ಕೆ ಹೊರಟವರಿಗೆ

ಕ್ರಮ ಮುಖ್ಯ. ಮೊದಲು ನೆಕ್ಕಿನ ಬಾಗು, ಆಮೇಲೆ ತಂತಿಯ ಎತ್ತರ, ಆಮೇಲೆ ನಟ್, ಕೊನೆಗೆ ಸ್ಯಾಡಲ್‌ನ ಹಿಂದೆ ಮುಂದೆ. ಮೇಲಿನ ಯಾವುದನ್ನು ಮುಟ್ಟಿದರೂ ಕೆಳಗಿನದೆಲ್ಲ ಮತ್ತೆ ನೋಡಬೇಕು. ಗೆಳೆಯ ನೆಕ್ ಅಳೆಯದೆ ಸ್ಯಾಡಲ್‌ನಿಂದಲೇ ಶುರುಮಾಡಿದ್ದ, ಅದರ ಸ್ಕ್ರೂ ಕೈಗೆ ಹತ್ತಿರ ಅಂತ. ಬಹುತೇಕ ಎಲ್ಲರೂ ಹಾಗೇ ಮಾಡುತ್ತಾರೆ. ಮರ ತೆಗೆಯುವ, ಲೋಹ ಉಜ್ಜುವ ಕೆಲಸಕ್ಕೂ ಸ್ಕ್ರೂ ತಿರುಗಿಸುವ ಕೆಲಸಕ್ಕೂ ವ್ಯತ್ಯಾಸ ಇದೆ. ಸ್ಕ್ರೂ ಹಿಂದಕ್ಕೆ ತಿರುಗುತ್ತದೆ. ಅರದ ಸರದಿ ಕೊನೆಗಿರಲಿ.

ದುಡ್ಡು ಉಳಿಸಲು ಕಿಟ್ ಕೊಳ್ಳಬೇಡಿ. ಫೀಲರ್ ಗೇಜ್, ತಂತಿಯ ಸೆಟ್‌ಗಳು, ಬಣ್ಣ, ಥಿನ್ನರ್ ಎಲ್ಲ ಸೇರಿದಾಗ ಅದೇ ಬೆಲೆಗೆ ಸಿದ್ಧವಾದ ಗಿಟಾರ್ ಸಿಗುತ್ತದೆ. ಕೊಳ್ಳುವುದಾದರೆ ಹಣವನ್ನು ನೆಕ್ಕಿನ ಗುಣಕ್ಕೆ ಹಾಕಿ. ಪಿಕಪ್ ಆಮೇಲೆ ಬದಲಿಸಬಹುದು.

ಫೆಬ್ರವರಿ ಒಣಹವೆಗೆ ಬೀಟೆ ಸ್ವಲ್ಪ ಕುಗ್ಗಿ, ಫ್ರೆಟ್‌ನ ತುದಿಗಳು ನೆಕ್ಕಿನ ಅಂಚಿನಲ್ಲಿ ಕೈಗೆ ಚುಚ್ಚತೊಡಗಿದವು. ಅಂಚಿಗೆ ಟೇಪ್ ಹಚ್ಚಿ ತುದಿಗಳನ್ನು ಸಣ್ಣ ಅರದಲ್ಲಿ ಉಜ್ಜಿದ, ಇದು ಒಂದೇ ಸಲದ ಕೆಲಸ. ನೆಕ್ಕಿನ ಸಂದು 0.2ರಿಂದ ಸ್ವಲ್ಪ ಕಡಿಮೆಯಾಗಿತ್ತು, ಟ್ರಸ್ ರಾಡ್ ಮುಟ್ಟುವಷ್ಟಲ್ಲ. ಈಗ ಪಿಕಪ್ ಬದಲಿಸುವ ಮಾತು ಎತ್ತಿದ್ದಾನೆ. ಅದಕ್ಕೂ ಮೊದಲು ಎರಡನೇ ತಂತಿಯ ಬಿರಡೆ ಬದಲಿಸು ಅಂದಿದ್ದೇನೆ. ಅದು ಇನ್ನೂ ಜಾರುತ್ತಿದೆ.